ಹಳೆಯ ಕಾರಿಗೆ ಹೊಸ ಕೀ

ಒಬ್ಬರು ಓಡಿಸಿದ ಕಾರನ್ನು ಇನ್ನೊಬ್ಬರು ಕೊಂಡಾಗ ಒಡೆತನದ ವರ್ಗಾವಣೆ ಎರಡು ಕಡೆ ನಡೆಯಬೇಕಾಗುತ್ತದೆ. ಒಂದು ಸಾರಿಗೆ ಕಚೇರಿಯ ದಾಖಲೆಯಲ್ಲಿ, ಇನ್ನೊಂದು ಕಾರಿನೊಳಗೇ ಅಡಗಿರುವ ಒಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲಿ. ಮೊದಲನೆಯದಕ್ಕೆ ಕಾನೂನಿನ ಚೌಕಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆ ಸಂಗತಿಯನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಅದಕ್ಕೆಂದೇ ನಮೂನೆ 29 ಮತ್ತು ನಮೂನೆ 30 ಎಂಬ ಅರ್ಜಿಗಳಿವೆ. ಎರಡನೆಯದಕ್ಕೆ ನಮೂನೆಯೂ ಇಲ್ಲ, ಗಡುವೂ ಇಲ್ಲ. ಕಾರಿನ ನಂಬರು ಬೆಂಗಳೂರಿನ ಯಶವಂತಪುರದ ಕೆಎ-04 ಆಗಲಿ, ಯಲಹಂಕದ ಕೆಎ-50 ಆಗಲಿ, ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಹೊಸ ಹೆಸರು ಅಚ್ಚಾದ ಮೇಲೂ ಹಿಂದಿನ ಮಾಲೀಕರ ಮನೆಯ ಅಲಮಾರಿನಲ್ಲಿ ಉಳಿದುಹೋದ ಕೀಯನ್ನು ಆ ಕಾರು ಮೊದಲಿನಷ್ಟೇ ನಿಷ್ಠೆಯಿಂದ ಗುರುತಿಸುತ್ತದೆ. ಹಳೆಯ ಕಾರಿಗೆ ಹೊಸ ಕೀ ಮಾಡಿಸುವ ಪ್ರಶ್ನೆಯನ್ನು ಕೇವಲ ಕಳೆದುಹೋದ ವಸ್ತುವಿನ ಪ್ರಶ್ನೆಯೆಂದು ನೋಡದೆ, ಅರ್ಧಕ್ಕೆ ನಿಂತ ಒಡೆತನವನ್ನು ಪೂರ್ತಿಗೊಳಿಸುವ ಕೆಲಸವೆಂದು ನೋಡುವುದು ಹೆಚ್ಚು ಸರಿಯಾದೀತು.

ಉತ್ತರ ಬೆಂಗಳೂರಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುವುದಕ್ಕೆ ಕಾರಣಗಳಿವೆ. ಯಲಹಂಕದ ವಾಯುಪಡೆ ನೆಲೆ ಮತ್ತು ಅರೆಸೇನಾ ಪಡೆಗಳ ವಸತಿ ಪ್ರದೇಶಗಳಿಂದ ವರ್ಗವಾಗಿ ಹೋಗುವವರು, ಹೆಬ್ಬಾಳದ ಬಳಿಯ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲವು ವರ್ಷ ದುಡಿದು ಊರು ಬದಲಿಸುವವರು ತಮ್ಮ ಕಾರುಗಳನ್ನು ಇಲ್ಲಿಯೇ ಮಾರಿ ಹೋಗುವುದುಂಟು, ಹೊರರಾಜ್ಯದ ನಂಬರ್ ಪ್ಲೇಟಿನ ಕಾರುಗಳು ಇಲ್ಲಿಗೆ ಬಂದು ಕೈಬದಲಾಗುವುದೂ ಉಂಟು. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳಿಗೂ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೂ ನ್ಯಾಯಾಲಯಗಳು ನಿರ್ಬಂಧ ಹೇರಿದ ನಂತರ ಅಲ್ಲಿನ ಕಾರುಗಳು ದಕ್ಷಿಣದ ನಗರಗಳ ಕಡೆಗೆ ಹರಿದುಬಂದವು. ಇಂಥ ಕಾರುಗಳು ನಿರಾಕ್ಷೇಪಣಾ ಪತ್ರವಾದ ನಮೂನೆ 28ರೊಡನೆ ಬಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಇಲ್ಲಿನ ನಂಬರು ಪಡೆಯುತ್ತವೆಯಾದರೂ, ಮೂರು ನಾಲ್ಕು ಕೈ ದಾಟುವಷ್ಟರಲ್ಲಿ ಎರಡನೆಯ ಕೀ ಎಲ್ಲಿಯೋ ಜಾರಿಹೋಗಿ, ಕೊನೆಯ ಖರೀದಿದಾರರಿಗೆ ಸವೆದ ಒಂದೇ ಒಂದು ಕೀ ದಕ್ಕುವುದೇ ಹೆಚ್ಚು.

ಲೋಹದ ಕೀಯ ಕಾಲ

ಮಾರುತಿ 800 ಕಾರಿನ ಮೊದಲ ಕೀಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟದ್ದು ದೇಶದ ವಾಹನ ಚರಿತ್ರೆಯಲ್ಲಿ ದಾಖಲಾದ ಘಟನೆ. ಆ ಕೀ ಹಲ್ಲು ಕೊರೆದ ಒಂದು ಲೋಹದ ತುಂಡು ಮಾತ್ರವಾಗಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿಗಳು ಇವೆಲ್ಲವುಗಳ ಕೀ ಈ ಬಗೆಯದು.

ಕಾರಿನ ಬೀಗದ ಒಳಗೆ ತಿರುಗುವ ಒಂದು ಉರುಳೆ, ಅದರಲ್ಲಿ ಸಾಲಾಗಿ ಸ್ಪ್ರಿಂಗಿನ ಮೇಲೆ ಕುಳಿತ ತೆಳುವಾದ ಹಿತ್ತಾಳೆ ಬಿಲ್ಲೆಗಳಿರುತ್ತವೆ; ಇವಕ್ಕೆ ವೇಫರ್ ಎಂದು ಹೆಸರು. ಕೀ ಇಲ್ಲದಾಗ ಈ ಬಿಲ್ಲೆಗಳು ಉರುಳೆಯ ಅಂಚಿನಿಂದ ಹೊರಚಾಚಿ ಅದು ತಿರುಗದಂತೆ ತಡೆಯುತ್ತವೆ, ಸರಿಯಾದ ಕೀ ಒಳಹೊಕ್ಕಾಗ ಅದರ ಒಂದೊಂದು ಹಲ್ಲಿನ ಎತ್ತರವೂ ಒಂದೊಂದು ಬಿಲ್ಲೆಯನ್ನು ಒಳಗೆಳೆದು ಸಮನಾಗಿ ನಿಲ್ಲಿಸುವುದರಿಂದ ಉರುಳೆ ಸಲೀಸಾಗಿ ತಿರುಗುತ್ತದೆ. ರಸ್ತೆಬದಿಯಲ್ಲಿ ಕೊಡೆಯ ಕೆಳಗೆ ಕುಳಿತು ಡೂಪ್ಲಿಕೇಟ್ ಕೀ ಮಾಡುವವರ ಕಸುಬು ನಿಂತಿರುವುದು ಈ ಸರಳ ಏರ್ಪಾಡಿನ ಮೇಲೆ. ಮಾದರಿ ಕೀ ಇದ್ದರೆ ಅದನ್ನೂ, ಹಲ್ಲು ಕೊರೆಯದ ಬ್ಲಾಂಕ್ ಎಂಬ ಖಾಲಿ ಕೀಯನ್ನೂ ಯಂತ್ರದಲ್ಲಿ ಅಕ್ಕಪಕ್ಕ ಬಿಗಿದು ಕೆಲವೇ ನಿಮಿಷಗಳಲ್ಲಿ ನಕಲು ತೆಗೆಯಬಹುದು. ಮಾದರಿ ಇಲ್ಲದಿದ್ದಾಗ ನುರಿತ ಕಸುಬುದಾರ ಖಾಲಿ ಕೀಯನ್ನು ಬೀಗದೊಳಕ್ಕೆ ಹೊಗಿಸಿ, ಬಿಗಿಯಾಗಿ ಅತ್ತಿತ್ತ ತಿರುಗಿಸಿ, ಬಿಲ್ಲೆಗಳು ಲೋಹದ ಮೇಲೆ ಒತ್ತಿದ ಕೂದಲೆಳೆಯಷ್ಟು ಸಣ್ಣ ಗುರುತುಗಳನ್ನು ಬೆಳಕಿಗೆ ಹಿಡಿದು ನೋಡಿ, ಗುರುತು ಬಿದ್ದಲ್ಲೆಲ್ಲ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜುತ್ತ ಹೋಗುತ್ತಾನೆ. ಗುರುತು ಬೀಳುವುದು ನಿಂತ ಕಡೆ ಆ ಹಲ್ಲು ಸರಿಯಾದ ಎತ್ತರಕ್ಕೆ ಬಂದಿದೆ ಎಂದು ಅರ್ಥ.

ಹಳೆಯ ಕಾರಿನ ವಿಷಯದಲ್ಲಿ ಈ ಹಂತದಲ್ಲಿಯೇ ಒಂದು ತೊಡಕಿದೆ. ಹದಿನೈದು ವರ್ಷ ತಿರುಗಿಸಿದ ಕೀಯ ಹಲ್ಲುಗಳೂ ಬೀಗದ ಬಿಲ್ಲೆಗಳೂ ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ, ಆ ಸವೆದ ಕೀಯನ್ನೇ ಮಾದರಿಯಾಗಿಟ್ಟು ತೆಗೆದ ನಕಲಿನಲ್ಲಿ ಸವೆತವೂ ನಕಲಾಗಿ, ಯಂತ್ರದ ಅಲ್ಪಸ್ವಲ್ಪ ತಪ್ಪೂ ಅದಕ್ಕೆ ಸೇರಿ, ಹೊಸ ಕೀ ಇಗ್ನಿಷನ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಸಂಭವವಿರುತ್ತದೆ. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಕೀ ನಂಬರು. ಹೊಸ ಕಾರಿನ ಕೀ ಗೊಂಚಲಿಗೆ ಕಟ್ಟಿ ಕೊಡುವ ಸಣ್ಣ ತಗಡು ಅಥವಾ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆಯಿಂದ ಕಾರ್ಖಾನೆಯಲ್ಲಿ ಕೊರೆದಾಗಿನ ಮೂಲ ಅಳತೆ ತಿಳಿಯುವುದರಿಂದ ಸವೆತವಿಲ್ಲದ ಕೀ ಕೊರೆಯಬಹುದು. ಈ ನಂಬರಿನ ಬಿಲ್ಲೆ ಕಳೆದಿದ್ದರೆ ಬಾಗಿಲಿನ ಬೀಗವನ್ನು ಬಿಚ್ಚಿ, ಒಳಗಿನ ವೇಫರ್‌ಗಳ ಅಳತೆಯನ್ನು ಓದಿ ಅದೇ ಫಲವನ್ನು ಪಡೆಯುವ ಕ್ರಮವೂ ಇದೆ. ಕೆಲವು ಹಳೆಯ ಕಾರುಗಳಲ್ಲಿ ಬಾಗಿಲಿನ ಬೀಗವನ್ನೋ ಇಗ್ನಿಷನ್ನನ್ನೋ ಹಿಂದೊಮ್ಮೆ ಬದಲಿಸಿ, ಬಾಗಿಲಿಗೆ ಒಂದು, ಎಂಜಿನ್ನಿಗೆ ಒಂದು ಎಂಬಂತೆ ಎರಡು ಬೇರೆ ಕೀಗಳಾಗಿರುವ ಸಾಧ್ಯತೆ ಇರುವುದರಿಂದ, ಬಾಗಿಲಿನ ಅಳತೆಯನ್ನು ನಂಬುವ ಮೊದಲು ಅದನ್ನು ಪರಿಶೀಲಿಸಿಕೊಳ್ಳಬೇಕು.

ಕೀಯ ತಲೆಯಲ್ಲಿ ಚಿಪ್ಪು

ತೊಂಬತ್ತರ ದಶಕದಲ್ಲಿ ಕಾರುಗಳ್ಳತನವನ್ನು ತಡೆಯಲು ಇಮ್ಮೊಬಿಲೈಸರ್ ಎಂಬ ಸಾಧನ ಬಳಕೆಗೆ ಬಂತು. ಐರೋಪ್ಯ ಒಕ್ಕೂಟ 1998ರಿಂದ, ಕೆನಡಾ 2007ರಿಂದ ಹೊಸ ಕಾರುಗಳಿಗೆ ಅದನ್ನು ಕಡ್ಡಾಯಗೊಳಿಸಿದವು. ಇಂಥ ಕಾರಿನ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ, ಅದಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ತಿರುಗಿಸಿದಾಗ ಇಗ್ನಿಷನ್ನಿನ ಸುತ್ತ ಕೂರಿಸಿದ ತಾಮ್ರದ ತಂತಿಯ ಬಳೆ ಸುಮಾರು 125 ಕಿಲೋಹರ್ಟ್ಸ್ ಕಂಪನದ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದರಿಂದಲೇ ಶಕ್ತಿ ಪಡೆದು ಎಚ್ಚರಗೊಳ್ಳುವ ಚಿಪ್ ತನ್ನ ಗುರುತನ್ನು ಹೇಳುತ್ತದೆ, ಆ ಗುರುತು ಕಾರಿನ ನೆನಪಿನಲ್ಲಿರುವ ಪಟ್ಟಿಗೆ ಹೊಂದಿದರೆ ಮಾತ್ರ ಎಂಜಿನ್ನಿನ ಗಣಕವಾದ ಇಸಿಯು ಇಂಧನಕ್ಕೂ ಕಿಡಿಗೂ ಅಪ್ಪಣೆ ಕೊಡುತ್ತದೆ. ಮಾರುತಿ ಸುಜುಕಿ ಕಂಪನಿ ತನ್ನ ಕಾರುಗಳಲ್ಲಿ ಈ ವ್ಯವಸ್ಥೆಯನ್ನು ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಅಳವಡಿಸಿದೆ. ಹಲ್ಲು ಸರಿಯಾಗಿದ್ದು ಚಿಪ್ ಇಲ್ಲದ ಕೀಯಿಂದ ಬಾಗಿಲು ತೆರೆಯುತ್ತದೆ, ಸ್ಟಾರ್ಟರ್ ತಿರುಗುವುದೂ ಉಂಟು, ಆದರೆ ಎಂಜಿನ್ ಹೊತ್ತುವುದಿಲ್ಲ ಅಥವಾ ಒಂದೆರಡು ಕ್ಷಣ ಓಡಿ ನಿಂತುಬಿಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿರುತ್ತದೆ.

ಈ ಪುಟ್ಟ ಚಿಪ್ಪಿನ ಮಹತ್ವ ಎಷ್ಟೆಂಬುದು ಅಮೆರಿಕದಲ್ಲಿ ಬಯಲಾಯಿತು. ಅಲ್ಲಿ 2011ರಿಂದ 2021ರ ನಡುವೆ ಮಾರಾಟವಾದ ಹ್ಯುಂಡೈ ಮತ್ತು ಕಿಯಾ ಕಂಪನಿಗಳ ಹಲವು ಮಾದರಿಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ, 2021ರ ನಂತರ ಅವುಗಳನ್ನು ಸುಲಭವಾಗಿ ಓಡಿಸಿಕೊಂಡು ಹೋಗುವ ಬಗೆಯನ್ನು ತೋರಿಸುವ ವಿಡಿಯೋಗಳು ಹರಡಿ ಕಳ್ಳತನ ವಿಪರೀತವಾಯಿತು. ಇಮ್ಮೊಬಿಲೈಸರ್ ಕಡ್ಡಾಯವಾಗಿದ್ದ ನೆರೆಯ ಕೆನಡಾದಲ್ಲಿ ಅದೇ ಕಂಪನಿಗಳ ಕಾರುಗಳಿಗೆ ಆ ಪಿಡುಗು ತಟ್ಟಲಿಲ್ಲ. ಹೀಗಾಗಿ ಹೊಸ ಕೀ ಮಾಡಿಸುವುದು ದುಬಾರಿ ಎಂಬ ಕಾರಣಕ್ಕೆ ಹಳೆಯ ಕಾರಿನ ಇಮ್ಮೊಬಿಲೈಸರನ್ನೇ ತೆಗೆಸಿಹಾಕುವ ಅಥವಾ ಒಂದು ಚಿಪ್ಪನ್ನು ಇಗ್ನಿಷನ್ನಿನ ಪಕ್ಕದಲ್ಲಿ ಶಾಶ್ವತವಾಗಿ ಅಂಟಿಸಿಬಿಡುವ ಅಗ್ಗದ ಉಪಾಯ ಉಳಿತಾಯವೆನಿಸಿದರೂ, ಅದು ಕಾರನ್ನು 1983ರ ಭದ್ರತೆಗೆ ಮರಳಿ ಒಯ್ಯುವ ಕೆಲಸ.

ಚಿಪ್ಪಿನ ಜೊತೆಗೆ ರಿಮೋಟ್ ಗುಂಡಿಗಳಿರುವ ಕೀಯಲ್ಲಿ ಮೂರನೆಯ ಅಂಗವೊಂದು ಸೇರುತ್ತದೆ. ದೂರದಿಂದ ಬಾಗಿಲ ಬೀಗ ತೆಗೆಯುವ ಈ ರೇಡಿಯೋ ಪ್ರೇಷಕಕ್ಕೆ ಮಾತ್ರ ಬ್ಯಾಟರಿ ಬೇಕು. ಒಂದೇ ಪ್ಲಾಸ್ಟಿಕ್ ಕವಚದೊಳಗಿದ್ದರೂ ಬಾಗಿಲ ರಿಮೋಟ್ ಬೇರೆ, ಎಂಜಿನ್ನಿಗೆ ಅಪ್ಪಣೆ ಕೊಡಿಸುವ ಚಿಪ್ ಬೇರೆ. ಆದ್ದರಿಂದ ಗುಂಡಿ ಒತ್ತಿದರೆ ಬಾಗಿಲು ತೆರೆಯದಿದ್ದು ಕೀ ತಿರುಗಿಸಿದರೆ ಎಂಜಿನ್ ಚಾಲೂ ಆಗುತ್ತಿದ್ದರೆ, ಹೊಸ ಕೀಗೆ ಹಣ ಸುರಿಯುವ ಮೊದಲು ಮೂರು ವೋಲ್ಟಿನ ಗುಂಡಿ ಬ್ಯಾಟರಿಯನ್ನು ಬದಲಿಸಿ ನೋಡಬೇಕು. ಕವಚ ಮಾತ್ರ ಒಡೆದಿದ್ದರೆ ಹಳೆಯ ಚಿಪ್ಪನ್ನೂ ರಿಮೋಟಿನ ಹಲಗೆಯನ್ನೂ ಹೊಸ ಕವಚಕ್ಕೆ ಜಾಗ್ರತೆಯಿಂದ ವರ್ಗಾಯಿಸಿದರೆ ಸಾಕು.

ನಕಲು ಮತ್ತು ನೋಂದಣಿ

ಚಿಪ್ ಕೀ ಮಾಡಿಸುವಾಗ ಗ್ರಾಹಕರು ತಿಳಿದಿರಬೇಕಾದ ಮುಖ್ಯ ವ್ಯತ್ಯಾಸ ನಕಲಿಗೂ ನೋಂದಣಿಗೂ ಇರುವುದು. ನಕಲು ಎಂದರೆ ಇರುವ ಚಿಪ್ಪಿನ ಗುರುತನ್ನು ಓದಿ ಅದನ್ನೇ ಇನ್ನೊಂದು ಖಾಲಿ ಚಿಪ್ಪಿಗೆ ಬರೆಯುವುದು, ಇದರಲ್ಲಿ ಕಾರಿಗೆ ಎರಡನೆಯ ಕೀ ಬಂದದ್ದು ತಿಳಿಯುವುದೇ ಇಲ್ಲ. ಆರಂಭದ ಕಾಲದ ಚಿಪ್ಪುಗಳು ಸದಾ ಒಂದೇ ಸಂಖ್ಯೆಯನ್ನು ಹೇಳುತ್ತಿದ್ದುದರಿಂದ ಅವುಗಳ ನಕಲು ಸುಲಭ. ಮುಂದಿನ ತಲೆಮಾರಿನ ಚಿಪ್ಪುಗಳಲ್ಲಿ ಕಾರು ಪ್ರತಿಬಾರಿಯೂ ಹೊಸ ಸಂಖ್ಯೆಯೊಂದನ್ನು ಪ್ರಶ್ನೆಯಾಗಿ ಕಳುಹಿಸುತ್ತದೆ, ಚಿಪ್ ತನ್ನೊಳಗಿನ ರಹಸ್ಯ ಸೂತ್ರದಿಂದ ಲೆಕ್ಕ ಹಾಕಿ ಉತ್ತರಿಸುತ್ತದೆ, ರಹಸ್ಯ ಮಾತ್ರ ಎಂದೂ ಹೊರಗೆ ಬರುವುದಿಲ್ಲ. ಈ ಏರ್ಪಾಡೂ ಅಭೇದ್ಯವೇನಲ್ಲ; ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 40 ಬಿಟ್ ಉದ್ದದ ರಹಸ್ಯವನ್ನು ಬಳಸುತ್ತಿದ್ದ ಚಿಪ್ಪನ್ನು 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮತ್ತು ಆರ್‌ಎಸ್‌ಎ ಪ್ರಯೋಗಾಲಯದ ಸಂಶೋಧಕರು ಭೇದಿಸಿ ತೋರಿಸಿದರು. ಇಂದು ಕೀ ಮಾಡುವವರ ಮೇಜಿನ ಮೇಲಿರುವ ಯಂತ್ರಗಳು ಹಳೆಯ ಕಾರುಗಳ ಇಂಥ ಹಲವು ಚಿಪ್ಪುಗಳನ್ನೂ ನಕಲು ಮಾಡಬಲ್ಲವು.

ನೋಂದಣಿಯ ಕ್ರಮ ಬೇರೆ. ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ, ಓಬಿಡಿ ಎಂಬ ತಪಾಸಣೆಯ ಕಿಂಡಿಗೆ ಸ್ಕ್ಯಾನರ್ ಜೋಡಿಸಿ, ಆ ಕಾರಿಗೆಂದೇ ಗೊತ್ತುಪಡಿಸಿದ ಪಿನ್ ಎಂಬ ಗುಪ್ತ ಸಂಖ್ಯೆಯನ್ನು ಕೊಟ್ಟು, ಹೊಸ ಚಿಪ್ಪನ್ನು ಕಾರಿನ ಪಟ್ಟಿಗೆ ಸೇರಿಸುತ್ತಾರೆ. ಅನೇಕ ಕಾರುಗಳಲ್ಲಿ ಈ ಹೊತ್ತಿನಲ್ಲಿ ಕೈಯಲ್ಲಿರುವ ಎಲ್ಲ ಕೀಗಳನ್ನೂ ಮತ್ತೆ ಪರಿಚಯಿಸಬೇಕಾಗುತ್ತದೆ, ಆಗ ಕೈಯಲ್ಲಿಲ್ಲದ ಕೀಗಳು ಪಟ್ಟಿಯಿಂದ ಅಳಿದುಹೋಗುತ್ತವೆ. ಹಿಂದಿನ ಮಾಲೀಕರ ಬಳಿಯೋ, ಮಧ್ಯವರ್ತಿಯ ಬಳಿಯೋ ಉಳಿದ ಕೀ ಎಂಜಿನ್ನಿನ ಮಟ್ಟಿಗೆ ನಿರುಪಯೋಗಿಯಾಗುವುದು ಹೀಗೆ. ನಕಲಿನಿಂದ ಸಿಗುವುದು ಇನ್ನೊಂದು ಕೀ ಮಾತ್ರ, ನೋಂದಣಿಯಿಂದಾದರೆ ಹಳೆಯ ಕೀಗಳ ಅಧಿಕಾರವೂ ರದ್ದಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರಿಗೆ ನಿಜವಾಗಿ ಬೇಕಾದದ್ದು ಎರಡನೆಯದು. ಆದರೂ ಒಂದು ಮಿತಿಯನ್ನು ಗಮನಿಸಬೇಕು: ಅಳಿಸಿದ ಕೀಯ ಲೋಹದ ಹಲ್ಲು ಬಾಗಿಲನ್ನು ಇನ್ನೂ ತೆರೆಯಬಲ್ಲದಾದ್ದರಿಂದ, ಕಾರು ಹೋಗದಿದ್ದರೂ ಕಾರಿನೊಳಗಿನ ವಸ್ತು ಹೋಗಬಹುದು. ಪೂರ್ಣ ನೆಮ್ಮದಿ ಬೇಕಾದವರು ಬೀಗದ ವೇಫರ್‌ಗಳ ಕ್ರಮವನ್ನು ಬದಲಿಸಿ, ಅದಕ್ಕೆ ತಕ್ಕ ಹೊಸ ಹಲ್ಲನ್ನು ಕೊರೆಸಿಕೊಳ್ಳಬೇಕಾಗುತ್ತದೆ.

ಒಂದೂ ಕೀ ಇಲ್ಲದಾಗ

ಒಂದು ಕೀ ಕೈಯಲ್ಲಿರುವಾಗ ಇನ್ನೊಂದನ್ನು ಮಾಡಿಸುವುದಕ್ಕೂ, ಇದ್ದ ಒಂದೂ ಕಳೆದುಹೋದ ಮೇಲೆ ಮಾಡಿಸುವುದಕ್ಕೂ ಖರ್ಚಿನಲ್ಲಿ, ಸಮಯದಲ್ಲಿ ಬಹಳ ಅಂತರವಿದೆ. ಮೊದಲ ಸ್ಥಿತಿಯಲ್ಲಿ ಕಾರನ್ನು ಓಡಿಸಿಕೊಂಡೇ ಕೀ ಮಾಡುವವರ ಬಳಿಗೆ ಹೋಗಬಹುದು, ಹಲ್ಲಿಗೂ ಚಿಪ್ಪಿಗೂ ಮಾದರಿ ಇರುತ್ತದೆ. ಎರಡನೆಯ ಸ್ಥಿತಿಯಲ್ಲಿ ಕಾರು ಇದ್ದಲ್ಲಿಯೇ ಕುಳಿತಿರುತ್ತದೆ. ಮನೆಯಲ್ಲಿ ಜಾಗವಿಲ್ಲದೆ ಬೀದಿಯಲ್ಲಿಯೇ ಕಾರು ನಿಲ್ಲಿಸುವ ಆರ್‌ಟಿ ನಗರದಂಥ ಬಡಾವಣೆಯಲ್ಲಿ ಸ್ಟೀರಿಂಗ್ ಲಾಕ್ ಆಗಿ ನಿಂತ ಕಾರನ್ನು ತಳ್ಳಿ ಪಕ್ಕಕ್ಕೆ ಸರಿಸುವುದೂ ಕಷ್ಟ, ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯ ಸರ್ವಿಸ್ ಸೆಂಟರಿಗೆ ಸಾಗಿಸಬೇಕೆಂದರೆ ಇಡೀ ಕಾರನ್ನು ಹೊರುವ ಟೋಯಿಂಗ್ ವಾಹನವನ್ನೇ ಕರೆಯಬೇಕು.

ಆಗ ಇರುವ ದಾರಿಗಳು ಎರಡು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಆರ್‌ಸಿ, ಮಾಲೀಕರ ಗುರುತಿನ ಚೀಟಿ ಮತ್ತು ಸಾಮಾನ್ಯವಾಗಿ ಪೊಲೀಸ್ ದೂರಿನ ಪ್ರತಿಯನ್ನು ಕೊಟ್ಟರೆ, 17 ಅಕ್ಷರಾಂಕಗಳ ಚಾಸಿ ನಂಬರಿನ ಆಧಾರದ ಮೇಲೆ ಕಂಪನಿಯಿಂದ ಕೀಯನ್ನೂ ಪಿನ್ ಸಂಖ್ಯೆಯನ್ನೂ ತರಿಸುತ್ತಾರೆ; ಇದು ನಂಬಿಕೆಯ ದಾರಿ, ಆದರೆ ದಿನಗಟ್ಟಲೆ ಕಾಯಬೇಕು, ಹಳೆಯ ಮಾದರಿಗಳಿಗೆ ಕೆಲವೊಮ್ಮೆ ಕೀ ಒಂದನ್ನೇ ಕೊಡದೆ ಬಾಗಿಲು, ಇಗ್ನಿಷನ್, ಟ್ಯಾಂಕಿನ ಮುಚ್ಚಳಗಳ ಬೀಗದ ಇಡೀ ಸೆಟ್ಟನ್ನು ಕೊಳ್ಳಬೇಕೆನ್ನುವುದೂ ಉಂಟು. ಇನ್ನೊಂದು ದಾರಿ ಸ್ಥಳಕ್ಕೇ ಬಂದು ಕೆಲಸ ಮಾಡುವ ಸ್ವತಂತ್ರ ಕೀ ತಜ್ಞರದು. ಅವರು ಬೀಗದಿಂದಲೇ ಹಲ್ಲಿನ ಅಳತೆ ಓದಿ ಕೀ ಕೊರೆದು, ಪಿನ್ ಸಂಖ್ಯೆಯನ್ನು ಸ್ಕ್ಯಾನರಿನಿಂದ ಪಡೆದೋ, ಅದು ಸಾಧ್ಯವಾಗದಿದ್ದರೆ ಇಮ್ಮೊಬಿಲೈಸರ್ ಪೆಟ್ಟಿಗೆಯನ್ನು ಬಿಚ್ಚಿ ಅದರ ನೆನಪಿನ ಚಿಪ್ಪನ್ನು ನೇರವಾಗಿ ಓದಿಯೋ ಹೊಸ ಕೀ ನೋಂದಾಯಿಸುತ್ತಾರೆ. ಬೆಸುಗೆಯ ಕೆಲಸವಿರುವ ಈ ಕೊನೆಯ ಕ್ರಮದಲ್ಲಿ ಕೈತಪ್ಪಿದರೆ ಪೆಟ್ಟಿಗೆಯೇ ಹಾಳಾಗುವ ಅಪಾಯವಿರುವುದರಿಂದ, ಮೊದಲು ಹಳೆಯ ಮಾಹಿತಿಯ ಪ್ರತಿಯನ್ನು ತೆಗೆದಿಟ್ಟುಕೊಳ್ಳುವ ಅಭ್ಯಾಸವುಳ್ಳವರನ್ನೇ ಆರಿಸಿಕೊಳ್ಳುವುದು ಮೇಲು.

ತಯಾರಕರು ಭಾರತವನ್ನೇ ಬಿಟ್ಟುಹೋದ ಕಾರುಗಳ ಸಮಸ್ಯೆ ಇನ್ನೂ ಬಿಗಿಯಾದದ್ದು. ಷೆವರ್ಲೆ ಕಾರುಗಳ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿನ ಮಾರಾಟವನ್ನು ನಿಲ್ಲಿಸಿತು, ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವ ನಿರ್ಧಾರವನ್ನು 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಇಂಥ ಕಾರುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಯಾದರೂ, ಶೋರೂಮುಗಳ ಜಾಲ ಕಿರಿದಾದಂತೆ ಮೂಲ ಕೀ ಸಿಗುವ ಬಾಗಿಲುಗಳೂ ಕಿರಿದಾಗುತ್ತವೆ, ಮಾಲೀಕರು ಸ್ವತಂತ್ರ ಕೀ ತಜ್ಞರನ್ನು, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ನೆಚ್ಚಬೇಕಾಗುತ್ತದೆ. ಗುಜರಿಗೆ ಹೋದ ಅದೇ ಮಾದರಿಯ ಕಾರಿನಿಂದ ಇಸಿಯು, ಇಮ್ಮೊಬಿಲೈಸರ್, ಇಗ್ನಿಷನ್ ಮತ್ತು ಕೀ ಈ ನಾಲ್ಕನ್ನೂ ಒಟ್ಟಾಗಿ ತಂದು ಕೂರಿಸುವ ಮಾರ್ಗವೊಂದಿದೆ. ಗುಜರಿಯಿಂದ ತಂದ ಕೀ ಒಂದೇ ಆದರೆ ಅದು ಹೆಚ್ಚಿನ ಪಾಲು ವ್ಯರ್ಥ, ಏಕೆಂದರೆ ಅದರೊಳಗಿನ ಚಿಪ್ ಒಮ್ಮೆ ಒಂದು ಕಾರಿಗೆ ಬೆಸೆದುಕೊಂಡ ಮೇಲೆ ಇನ್ನೊಂದನ್ನು ಒಪ್ಪದಂತೆ ಮುದ್ರಿತವಾಗಿರುವುದು ಸಾಮಾನ್ಯ.

ಕಾಗದ, ಪೊಲೀಸು, ವಿಮೆ

ಕೀ ಕಳೆದಾಗ ದೂರು ದಾಖಲಿಸುವುದು ಶಿಷ್ಟಾಚಾರಕ್ಕಾಗಿ ಮಾತ್ರವಲ್ಲ. ಕಳೆದುಹೋದ ವಸ್ತುಗಳ ಬಗ್ಗೆ ಠಾಣೆಗೆ ಅಲೆಯದೆಯೇ ವರದಿ ಸಲ್ಲಿಸಲು ಪೊಲೀಸರ ಇ-ಲಾಸ್ಟ್ ಸೌಲಭ್ಯವಿದೆ, ಅದರಲ್ಲಿ ದೊರೆಯುವ ಸ್ವೀಕೃತಿ ಸರ್ವಿಸ್ ಸೆಂಟರಿಗೂ ಮುಂದೆ ವಿಮಾ ಕಂಪನಿಗೂ ಆಧಾರವಾಗುತ್ತದೆ. ಕಾರು ಕಳುವಾದಾಗ ಪರಿಹಾರ ಕೇಳುವವರಿಂದ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಗಳನ್ನು ಒಪ್ಪಿಸಲು ಹೇಳುತ್ತವೆ, ಒಂದನ್ನು ಕೊಡಲಾಗದಿದ್ದರೆ ಅದಕ್ಕೆ ವಿವರಣೆ ಕೇಳುತ್ತವೆ. ಹಿಂದಿನ ಮಾಲೀಕರು ಎರಡನೆಯ ಕೀ ಕೊಡಲೇ ಇಲ್ಲವೆಂಬ ಮಾತಿಗೆ ಆಗ ಬರಹದ ಆಧಾರವಿಲ್ಲದಿದ್ದರೆ ಪರಿಹಾರದ ದಾರಿ ಉದ್ದವಾಗುತ್ತದೆ. ಕೀ ಬದಲಾವಣೆಯ ವೆಚ್ಚ ಭರಿಸುವ ಹೆಚ್ಚುವರಿ ವಿಮಾ ರಕ್ಷಣೆಯೂ ಮಾರುಕಟ್ಟೆಯಲ್ಲಿದೆ, ಆದರೆ ಅದು ಹಳೆಯ ಕಾರಿಗೆ ಅನ್ವಯಿಸುವುದೇ ಎಂಬುದನ್ನು ಪಾಲಿಸಿಯ ಷರತ್ತುಗಳಲ್ಲಿ ಓದಿಯೇ ತಿಳಿಯಬೇಕು.

ಆರ್‌ಸಿಯನ್ನಾಗಲಿ ಗುರುತಿನ ಚೀಟಿಯನ್ನಾಗಲಿ ಕೇಳದೆ, ಹಣ ಕೊಟ್ಟವರಿಗೆಲ್ಲ ಕೀ ಮಾಡಿಕೊಡುವವರು ಗ್ರಾಹಕರಿಗೆ ಅನುಕೂಲಸ್ಥರಾಗಿ ಕಂಡರೂ, ಅವರು ಅದೇ ಕಾರಿಗೆ ಇನ್ನಾರಿಗೋ ಕೀ ಮಾಡಿಕೊಡಲು ಹಿಂಜರಿಯಲಾರರು ಎಂಬುದನ್ನು ಮರೆಯಬಾರದು. ದಾಖಲೆ ನೋಡಿ, ಪ್ರತಿ ಇಟ್ಟುಕೊಂಡು, ಎಷ್ಟು ಕೀ ನೋಂದಾಯಿಸಲಾಯಿತು, ಎಷ್ಟು ಅಳಿಸಲಾಯಿತು ಎಂದು ರಸೀದಿಯಲ್ಲಿ ಬರೆದುಕೊಡುವವರು ಸ್ವಲ್ಪ ಹೆಚ್ಚು ಹಣ ಕೇಳಿದರೂ ಅದು ಸಲ್ಲತಕ್ಕದ್ದು.

ಕೊಳ್ಳುವ ದಿನವೇ ತಕ್ಕ ಕಾಲ

ಈ ಎಲ್ಲ ತೊಡಕುಗಳ ಬೇರು ಕೀ ಕಳೆದ ದಿನದಲ್ಲಿಲ್ಲ, ಕಾರು ಕೊಂಡ ದಿನದಲ್ಲಿದೆ. ಟೈರು ಎಷ್ಟು ಸವೆದಿದೆ, ಬ್ಯಾಟರಿ ಎಷ್ಟು ಹಳೆಯದು ಎಂದು ಕೆದಕಿ ಕೇಳಿ ಬೆಲೆ ಇಳಿಸುವ ಖರೀದಿದಾರರು ಎರಡನೆಯ ಕೀಯ ಮಾತು ಬಂದಾಗ ‘ಆಮೇಲೆ ಕೊಡ್ತೀವಿ’ ಎಂಬ ಭರವಸೆಗೆ ಒಪ್ಪಿಬಿಡುತ್ತಾರೆ. ಸಾಲದ ಮೇಲೆ ಕೊಂಡಿದ್ದ ಕಾರಾದರೆ ಕೆಲವು ಸಾಲದಾತರು ಒಂದು ಕೀಯನ್ನು ತಮ್ಮ ಬಳಿ ಇರಿಸಿಕೊಳ್ಳುವ ರೂಢಿಯಿದ್ದುದರಿಂದ, ಆರ್‌ಸಿಯಲ್ಲಿನ ಹೈಪೋಥಿಕೇಷನ್ ಎಂಬ ಸಾಲದ ನಮೂದನ್ನು ತೆಗೆಸುವ ನಮೂನೆ 35ರ ಜೊತೆಗೆ ಆ ಕೀಯೂ ಹಿಂದಿರುಗಿತೇ ಎಂದು ವಿಚಾರಿಸುವುದು ಅಗತ್ಯ. ಎಷ್ಟು ಕೀ ಕೈಗೆ ಬಂತು, ಕೀ ನಂಬರಿನ ಬಿಲ್ಲೆ ಇದೆಯೇ, ಪಿನ್ ಸಂಖ್ಯೆಯ ಚೀಟಿ ಇದೆಯೇ ಎಂಬ ಮೂರು ವಿವರಗಳನ್ನು ಮಾರಾಟದ ಕರಾರಿನಲ್ಲಿಯೇ ಬರೆಸಿ ಇಬ್ಬರೂ ಸಹಿ ಹಾಕುವುದಕ್ಕೆ ಯಾವ ಖರ್ಚೂ ಇಲ್ಲ.

ಎರಡನೆಯ ಕೀ ಇಲ್ಲದ ಕಾರಿಗೆ ಹೊಸ ಕೀಯ ವೆಚ್ಚವನ್ನು ವಿಚಾರಿಸಿ ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಳ್ಳುವುದು, ನಮೂನೆ 30ಕ್ಕೆ ಕಾನೂನು ಕೊಟ್ಟ 30 ದಿನಗಳೊಳಗೇ ಕೀಯನ್ನೂ ನೋಂದಾಯಿಸಿ ಹಳೆಯವನ್ನು ಅಳಿಸಿಬಿಡುವುದು, ಹೊಸದಾಗಿ ಬಂದ ಕೀಯನ್ನು ದಿನಬಳಕೆಗೆ ತಾರದೆ ಮನೆಯಲ್ಲಿ ಭದ್ರವಾಗಿ ಇಡುವುದು ವಿವೇಕದ ಕ್ರಮ. ಕಾನೂನು ಈ ಕೆಲಸವನ್ನು ಯಾರ ಮೇಲೂ ಹೊರಿಸಿಲ್ಲವಾದ್ದರಿಂದ ಅದನ್ನು ಕೊಂಡವರೇ ಹೊತ್ತುಕೊಳ್ಳಬೇಕಾಗಿದೆ. ಮುಂದೆ ಅದೇ ಕಾರನ್ನು ಮಾರುವ ದಿನ ಬಂದಾಗ ಎರಡೂ ಕೀಗಳನ್ನು ರಸೀದಿಯೊಡನೆ ಮೇಜಿನ ಮೇಲಿಡಬಲ್ಲವರು ಕೇಳುವ ಬೆಲೆಗೆ ತಕ್ಕ ಆಧಾರವೂ ಇರುತ್ತದೆ.